ಕೊನೆಯ ದಿನದ ತಪ್ಪಿಗೆ ಮೇವಿನಲ್ಲಿ ಮದ್ದಿಲ್ಲ

ಹಂದಿ ಸತ್ತ ಮೇಲೂ ಅದರ ಸ್ನಾಯುಗಳು ಕೆಲವು ಗಂಟೆ ಕೆಲಸ ಮಾಡುತ್ತಲೇ ಇರುತ್ತವೆ. ಉಸಿರು ನಿಂತು ರಕ್ತದ ಓಡಾಟ ಕಡಿದುಹೋದರೂ ಸ್ನಾಯುವಿನ ಜೀವಕೋಶಗಳು ತಮ್ಮಲ್ಲಿ ಕೂಡಿಟ್ಟುಕೊಂಡ ಗ್ಲೈಕೋಜನ್ ಎಂಬ ಇಂಧನವನ್ನು ಆಮ್ಲಜನಕದ ನೆರವಿಲ್ಲದೆ ಖರ್ಚು ಮಾಡುತ್ತ ಹೋಗುತ್ತವೆ. ಅದರಿಂದ ಹುಟ್ಟುವ ಲ್ಯಾಕ್ಟಿಕ್ ಆಮ್ಲವನ್ನು ಹೊತ್ತೊಯ್ಯಲು ರಕ್ತವಿಲ್ಲ. ಆಮ್ಲ ಅಲ್ಲೇ ಉಳಿಯುತ್ತದೆ, ಮಾಂಸ ಹುಳಿಯಾಗುತ್ತದೆ. ಬದುಕಿದ್ದಾಗ 7ರ ಆಸುಪಾಸಿನಲ್ಲಿದ್ದ ಪಿಎಚ್ ಮರುದಿನದ ಹೊತ್ತಿಗೆ 5.6ರ ಹತ್ತಿರಕ್ಕೆ ಇಳಿಯುತ್ತದೆ. ಈ ಇಳಿತ ನಿಧಾನವಾಗಿ, ದೇಹ ತಣಿಯುವುದರ ಜೊತೆಜೊತೆಗೇ ಆದರೆ ಮಾಂಸ ನಸುಗೆಂಪಾಗಿ, ಬಿಗಿಯಾಗಿ, ತನ್ನ ರಸವನ್ನು ತನ್ನಲ್ಲೇ ಹಿಡಿದುಕೊಂಡು ಉಳಿಯುತ್ತದೆ. ಸಾಯುವ ಮುಂಚಿನ ಕೆಲವು ನಿಮಿಷ ಪ್ರಾಣಿ ಬೆದರಿ, ಓಡಿ, ಕಿರುಚಿದ್ದರೆ ಇದೇ ಇಳಿತದ ಬಹುಪಾಲು ಮೊದಲ ಮುಕ್ಕಾಲು ಗಂಟೆಯಲ್ಲೇ ಮುಗಿದಿರುತ್ತದೆ. ಆಗ ದೇಹದ ಬಿಸಿ ಇನ್ನೂ 40 ಡಿಗ್ರಿಯ ಹತ್ತಿರ ಇರುತ್ತದೆ. ಬಿಸಿ ಮತ್ತು ಹುಳಿ ಒಟ್ಟಾದಾಗ ಸ್ನಾಯುವಿನ ಪ್ರೋಟೀನು ಕೆಡುತ್ತದೆ, ಕಾದ ಹಾಲಿಗೆ ನಿಂಬೆರಸ ಬಿದ್ದ ಹಾಗೆ. ಮಾಂಸ ಬಿಳಿಚಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ತಟ್ಟೆಯ ತುಂಬ ನೀರು ಸೋರುತ್ತದೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಕೇಡೂ ಉಂಟು. ಹೆದರಿಕೆ ಕೊನೆಯ ಗಳಿಗೆಯದಾಗಿರದೆ ಇಡೀ ಹಗಲು, ಇಡೀ ರಾತ್ರಿ ಎಳೆದರೆ, ಅಂದರೆ ದೂರದ ಪ್ರಯಾಣ, ಹಸಿವು, ಅಪರಿಚಿತ ಹಂದಿಗಳ ಜೊತೆ ಕಾದಾಟ ಎಲ್ಲ ಸೇರಿದರೆ, ಸ್ನಾಯುವಿನ ಇಂಧನ ಸಾಯುವ ಮುಂಚೆಯೇ ಬರಿದಾಗಿರುತ್ತದೆ. ಆಮ್ಲ ಹುಟ್ಟಲು ಏನೂ ಉಳಿದಿರುವುದಿಲ್ಲ. ಪಿಎಚ್ 6ರ ಮೇಲೇ ನಿಂತುಬಿಡುತ್ತದೆ. ಮಾಂಸ ಕಪ್ಪಗೆ, ಗಡುಸಾಗಿ, ಒಣಗಿದಂತೆ ಕಾಣುತ್ತದೆ. ನೋಡುವವರಿಗೆ ಇದು ಮೊದಲನೆಯದಕ್ಕಿಂತ ವಾಸಿ ಅನ್ನಿಸಬಹುದು, ಏಕೆಂದರೆ ನೀರು ಸೋರುವುದಿಲ್ಲ. ಆದರೆ ಬ್ಯಾಕ್ಟೀರಿಯಾಗಳನ್ನು ತಡೆಯುವ ಹುಳಿಯೇ ಇಲ್ಲದ ಈ ಮಾಂಸ ಬೇಗ ಹಳಸುತ್ತದೆ. ತಿನ್ನಲು ಸಕ್ಕರೆ ಸಿಗದ ಸೂಕ್ಷ್ಮಜೀವಿಗಳು ನೇರವಾಗಿ ಪ್ರೋಟೀನಿನ ತುಣುಕುಗಳ ಮೇಲೆ ಬಿದ್ದು ದುರ್ವಾಸನೆ ಎಬ್ಬಿಸುತ್ತವೆ. ಶೀತಲ ಸರಪಳಿ ಇಲ್ಲದ, ಬೆಳಿಗ್ಗೆ ಕಡಿದ ಮಾಂಸ ಮಧ್ಯಾಹ್ನದವರೆಗೂ ಕೊಕ್ಕೆಗೆ ನೇತಾಡುವ ನಮ್ಮಂಥ ಊರುಗಳಲ್ಲಿ ಈ ಎರಡನೆಯ ಕೇಡೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ಎಣಿಕೆ. ಪಾಶ್ಚಾತ್ಯ ದೇಶಗಳ ಸಂಶೋಧನೆ ಹೆಚ್ಚಾಗಿ ಮೊದಲನೆಯದರ ಮೇಲೆ ಕೇಂದ್ರೀಕರಿಸಿದ್ದರಿಂದ ನಾವೂ ಅದನ್ನೇ ದೊಡ್ಡದು ಎಂದುಕೊಂಡಿದ್ದೇವೆ.

ಈ ಎರಡೂ ಕೇಡುಗಳಿಗೆ ಉದ್ಯಮ ಕಂಡುಕೊಂಡಿರುವ ಸುಲಭದ ಉತ್ತರ ಮೇವಿನ ಚೀಲದಲ್ಲಿದೆ: ಮ್ಯಾಗ್ನೀಷಿಯಂ, ಟ್ರಿಪ್ಟೊಫ್ಯಾನ್, ವಿಟಮಿನ್ ಇ, ಕ್ರಿಯಾಟಿನ್, ಲವಣಗಳ ಮಿಶ್ರಣ. ಕೊನೆಯ ಕೆಲವು ದಿನ ಇಷ್ಟಿಷ್ಟು ಗ್ರಾಂ ಬೆರೆಸಿ ಕೊಟ್ಟರೆ ಹಂದಿ ಶಾಂತವಾಗಿರುತ್ತದೆ, ಮಾಂಸ ಚೆನ್ನಾಗಿರುತ್ತದೆ ಎಂಬ ಭರವಸೆ. ಈ ಭರವಸೆ ಪೂರ್ತಿ ಸುಳ್ಳಲ್ಲ. ಅದಕ್ಕೇ ಅದನ್ನು ಎಚ್ಚರಿಕೆಯಿಂದ ನೋಡಬೇಕು. ಬೀದಿಯಿಂದ ಷೆಡ್ಡಿಗೆ ನಿಧಾನವಾಗಿ ಸರಿಯುತ್ತಿರುವ ಕರ್ನಾಟಕದ ಹಂದಿ ಸಾಕಣೆ ತನ್ನ ಮೊದಲ ರೂಪಾಯಿಯನ್ನು ಎಲ್ಲಿ ಹಾಕಬೇಕು ಎಂಬ ಪ್ರಶ್ನೆ ಇಲ್ಲಿದೆ. ಪ್ರಾಣಿಯ ಕೊನೆಯ 24 ಗಂಟೆಯನ್ನು ಸರಿಪಡಿಸುವ ಮುಂಚೆ ಮೇವಿನ ಪುಡಿಗೆ ದುಡ್ಡು ಸುರಿಯುವುದು ದಂಡ ಎನ್ನುವುದಕ್ಕೆ ಸಾಕ್ಷ್ಯ ಆ ಪುಡಿಗಳ ಮೇಲೆ ನಡೆದ ಪ್ರಯೋಗಗಳಲ್ಲೇ ಸಿಗುತ್ತದೆ.

ಕಥೆ ಸ್ವಲ್ಪ ಹಿಂದಿನದು. ಡೆನ್ಮಾರ್ಕಿನ ಲುಡ್ವಿಗ್ಸೆನ್ 1950ರ ದಶಕದಲ್ಲೇ ಇಂಥ ಬಿಳಿಚಿದ ಮಾಂಸವನ್ನು ವಿವರಿಸಿದ್ದರು. 1964ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಬ್ರಿಸ್ಕಿ ಅದರ ಹಿಂದಿನ ರಸಾಯನವನ್ನು ಒಂದು ದೊಡ್ಡ ಸಮೀಕ್ಷಾ ಲೇಖನದಲ್ಲಿ ಒಟ್ಟುಗೂಡಿಸಿದರು. ಆ ದಶಕಗಳಲ್ಲಿ ಐರೋಪ್ಯ ಮತ್ತು ಅಮೆರಿಕದ ತಳಿಗಾರರು ಕೊಬ್ಬು ಕಡಿಮೆ, ಸ್ನಾಯು ಹೆಚ್ಚು ಎಂಬ ಗುರಿಯ ಬೆನ್ನು ಹತ್ತಿದ್ದರು. ಬೆಲ್ಜಿಯಂನ ಪಿಯೆಟ್ರೇನ್ ತಳಿಯಂಥ ಮಾಂಸಲ ಹಂದಿಗಳು ಅವರ ಕಣ್ಮಣಿಯಾದವು. ಆದರೆ ಲಾರಿ ಹತ್ತಿಸುವಾಗಲೇ ಮೈಬಿಗಿದು ನಡುಗಿ ಸತ್ತು ಬೀಳುವ ಹಂದಿಗಳೂ ಅದೇ ತಳಿಗಳಲ್ಲಿ ಹೆಚ್ಚಾದವು. ಹ್ಯಾಲೊಥೇನ್ ಎಂಬ ಅರಿವಳಿಕೆ ಅನಿಲ ಮೂಸಿಸಿದರೆ ಇಂಥ ಹಂದಿಗಳ ಕಾಲು ಸೆಟೆದುಕೊಳ್ಳುತ್ತವೆ ಎಂದು 1970ರ ದಶಕದಲ್ಲಿ ಹಾಲೆಂಡಿನವರು ತೋರಿಸಿದರು. ಕೊನೆಗೆ 1991ರಲ್ಲಿ ಟೊರಾಂಟೊದ ಡೇವಿಡ್ ಮ್ಯಾಕ್ಲೆನನ್ ತಂಡ, ಸ್ನಾಯುವಿನೊಳಗೆ ಕ್ಯಾಲ್ಸಿಯಂ ಬಿಡುಗಡೆ ಮಾಡುವ ಬಾಗಿಲಿನಂಥ ಪ್ರೋಟೀನಿನ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದೇ ಇದರ ಮೂಲ ಎಂದು ಗುರುತಿಸಿತು. ರಕ್ತಪರೀಕ್ಷೆಯಿಂದ ಜೀನ್ ಪತ್ತೆಯಾಗತೊಡಗಿದ ಮೇಲೆ ದೊಡ್ಡ ತಳಿ ಕಂಪನಿಗಳು ಅದನ್ನು ತಮ್ಮ ಹಿಂಡಿನಿಂದ ಹೊರಹಾಕುತ್ತ ಬಂದವು. ರೋಗ ಸಿಕ್ಕಿತು, ಬೇರು ಕಿತ್ತಾಯಿತು ಎಂದು ಎಲ್ಲರೂ ಅಂದುಕೊಂಡರು. ಆದರೆ ಆ ಜೀನ್ ಇಲ್ಲದ ಹಂದಿಗಳಲ್ಲೂ ಬಿಳಿಚಿದ ಮಾಂಸ ಬರುವುದು ನಿಲ್ಲಲಿಲ್ಲ, ಕಡಿಮೆಯಾಯಿತು, ಅಷ್ಟೆ. ತಳಿ ಶುದ್ಧವಾದ ಮೇಲೂ ಉಳಿದ ಆ ಪಾಲು ಮನುಷ್ಯನ ಕೈಯಿಂದ ಬಂದದ್ದು. ಲಾರಿಯಿಂದ, ಹಲಗೆಯಿಂದ, ಕೋಲಿನಿಂದ, ಕಾಯಿಸುವ ದೊಡ್ಡಿಯಿಂದ.

ಈಗ ಮ್ಯಾಗ್ನೀಷಿಯಂ ವಿಷಯಕ್ಕೆ ಬರೋಣ. ಮೇವಿನ ಪುಡಿಗಳಲ್ಲಿ ಇದಕ್ಕೇ ಅತಿ ಗಟ್ಟಿ ಆಧಾರವಿರುವುದು. ಸ್ನಾಯು ಸಂಕುಚಿಸಲು ಕ್ಯಾಲ್ಸಿಯಂ ಬೇಕು, ಮ್ಯಾಗ್ನೀಷಿಯಂ ಅದರ ಎದುರಾಳಿ. ಜೊತೆಗೆ ಭಯದ ಹಾರ್ಮೋನುಗಳು ರಕ್ತಕ್ಕೆ ನುಗ್ಗುವುದನ್ನೂ ಅದು ಒಂದಿಷ್ಟು ತಗ್ಗಿಸುತ್ತದೆ. 1998ರಲ್ಲಿ ಆಸ್ಟ್ರೇಲಿಯಾದ ಡಿಸೋಜ, ವಾರ್ನರ್, ಡನ್‌ಶೀ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುತ್ತದೆ. ಕೆಲವು ಹಂದಿಗಳಿಗೆ ವಧೆಯ ಮುಂಚಿನ ಐದು ದಿನ ಮ್ಯಾಗ್ನೀಷಿಯಂ ಆಸ್ಪಾರ್ಟೇಟ್ ಬೆರೆಸಿದ ಮೇವು, ಉಳಿದವಕ್ಕೆ ಸಾಮಾನ್ಯ ಮೇವು. ಮ್ಯಾಗ್ನೀಷಿಯಂ ತಿಂದ ಹಂದಿಗಳ ರಕ್ತದಲ್ಲಿ ಭಯದ ಹಾರ್ಮೋನು ಕಡಿಮೆ ಇತ್ತು, ಮಾಂಸದಿಂದ ಸೋರಿದ ನೀರು ಕಡಿಮೆ ಇತ್ತು, ಬಿಳಿಚಿದ ಮಾಂಸದ ಪ್ರಮಾಣವೂ ತಗ್ಗಿತ್ತು. ಪುಡಿ ಮಾರುವವರು ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಅದೇ ಪ್ರಯೋಗದ ಇನ್ನೊಂದು ಅರ್ಧವನ್ನು ಓದಬೇಕು. ಹಂದಿಗಳಿಗೆ ‘ಒತ್ತಡ’ ಕೊಡಲು ಸಂಶೋಧಕರು ಮಾಡಿದ್ದೇನು? ವಧೆಗೆ ಮುಂಚೆ ವಿದ್ಯುತ್ ಕೋಲಿನಿಂದ ಕೆಲವನ್ನು ಪದೇ ಪದೇ ತಿವಿದರು. ಪ್ರಯೋಗಶಾಲೆಯಲ್ಲಿ ಕೆಟ್ಟ ಮಾಂಸ ಬೇಕೆಂದಾಗ ವಿಜ್ಞಾನಿಗಳಿಗೆ ಅತ್ಯಂತ ಖಾತರಿಯ ದಾರಿ ಎಂದು ತೋಚಿದ್ದು ಆ ಕೋಲು. ನಮ್ಮ ಲಾರಿ ಹತ್ತಿಸುವ ಜಾಗದಲ್ಲಿ ದಿನನಿತ್ಯ ನಡೆಯುವುದನ್ನು ಅವರು ಪ್ರಯೋಗದ ವಿಷವನ್ನಾಗಿ ಬಳಸಿದರು. ಮ್ಯಾಗ್ನೀಷಿಯಂ ಆ ವಿಷಕ್ಕೆ ಪ್ರತಿವಿಷ. ವಿಷ ಹಾಕುವುದನ್ನೇ ನಿಲ್ಲಿಸಬಹುದಾದ ಕಡೆ ಪ್ರತಿವಿಷಕ್ಕೆ ಬಿಲ್ಲು ಕಟ್ಟುವುದು ಯಾವ ಲೆಕ್ಕ?

ಬೇರೆ ದೇಶಗಳ ಮುಂದಿನ ಪ್ರಯೋಗಗಳಲ್ಲಿ ಮ್ಯಾಗ್ನೀಷಿಯಂನ ಫಲ ಒಂದೇ ರೀತಿ ಬರಲಿಲ್ಲ. ಕೆಲವು ಕಡೆ ಸೋರುವ ನೀರು ಕಡಿಮೆಯಾಯಿತು, ಕೆಲವು ಕಡೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಇದನ್ನು ಪುಡಿಯ ಸೋಲು ಎನ್ನಬೇಕಾಗಿಲ್ಲ. ಒತ್ತಡ ಕಡಿಮೆ ಇರುವ, ಮೇಲೆ ಹೇಳಿದ ಜೀನ್ ಇಲ್ಲದ ಹಂದಿಗಳಲ್ಲಿ ಸರಿಪಡಿಸಲು ಹೆಚ್ಚೇನೂ ಇರುವುದಿಲ್ಲ. ಹಾಗಾಗಿ ಪುಡಿ ತೋರಿಸಲು ಗುಣವೂ ಸಿಗುವುದಿಲ್ಲ. ಹಂದಿಯನ್ನು ನಡೆಸಿಕೊಳ್ಳುವ ರೀತಿ ಕೆಟ್ಟಷ್ಟೂ ಪುಡಿಯ ಕೀರ್ತಿ ಹೆಚ್ಚುತ್ತದೆ ಎಂದಾಯಿತು. ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದ್ದೂ ಸುಮಾರಾಗಿ ಇದೇ ಕಥೆ. ಮೆದುಳಿನಲ್ಲಿ ಅದು ಸೆರೊಟೋನಿನ್ ಆಗುತ್ತದೆ, ಹಂದಿಗಳ ಜಗಳ ಸ್ವಲ್ಪ ತಗ್ಗಬಹುದು. ಮಾಂಸದ ಗುಣದಲ್ಲಿ ಅದರ ಫಲ ಒಮ್ಮೆ ಕಂಡರೆ ಇನ್ನೊಮ್ಮೆ ಕಾಣುವುದಿಲ್ಲ. ಜಗಳವೇ ಆಗದಂತೆ ಒಂದೇ ದೊಡ್ಡಿಯ ಹಂದಿಗಳನ್ನು ಒಟ್ಟಿಗೇ ಸಾಗಿಸಿದರೆ ಅದಕ್ಕೆ ತಗಲುವ ಖರ್ಚು ಸೊನ್ನೆ.

ವಿಟಮಿನ್ ಇ ಮಾತ್ರ ಬೇರೆ ಸಾಲಿಗೆ ಸೇರಬೇಕಾದದ್ದು. ಅದನ್ನು ಉಳಿದವುಗಳ ಜೊತೆ ತಳ್ಳಿಹಾಕುವುದು ಅನ್ಯಾಯ. ಕೊಬ್ಬು ಗಾಳಿಗೆ ಕಮಟಾಗುವುದನ್ನು ಅದು ತಡೆಯುತ್ತದೆ, ಕತ್ತರಿಸಿಟ್ಟ ಮಾಂಸದ ಬಣ್ಣ ಹೆಚ್ಚು ಹೊತ್ತು ಉಳಿಯುತ್ತದೆ. ಹೋಟೆಲ್ ಮುಸುರೆ ತಿಂದು ಬೆಳೆದ, ಕರಿದ ಎಣ್ಣೆಯ ಅಂಶದಿಂದ ಕೊಬ್ಬು ಮೆತ್ತಗಾದ ಬೆಂಗಳೂರು ಸುತ್ತಲಿನ ಹಂದಿಗಳಿಗೆ ಇದರಿಂದ ನಿಜಕ್ಕೂ ಉಪಯೋಗವಾಗಬಹುದು. ಆದರೆ ಭಯದಿಂದ ಹುಟ್ಟಿದ ಆಮ್ಲದ ಮೇಲೆ ಅದಕ್ಕೆ ಹಿಡಿತವಿಲ್ಲ. ಇನ್ನು ಮೇವಿನಿಂದಲೇ ಒತ್ತಡ ಹೆಚ್ಚಿಸಿದ ಉದಾಹರಣೆಯೂ ನಮ್ಮ ಮುಂದಿದೆ. ಸ್ನಾಯು ಬೆಳೆಸಿ ಕೊಬ್ಬು ಇಳಿಸುವ ರ‍್ಯಾಕ್ಟೊಪಮೈನ್‌ಗೆ ಅಮೆರಿಕ 1999ರಲ್ಲಿ ಒಪ್ಪಿಗೆ ಕೊಟ್ಟಿತು. ಅದನ್ನು ತಿಂದ ಹಂದಿಗಳು ಹೆಚ್ಚು ಚಡಪಡಿಸುತ್ತವೆ, ನಡೆಸಿಕೊಂಡು ಹೋಗುವುದು ಕಷ್ಟ ಎಂದು ಅಲ್ಲಿನ ಸಂಶೋಧಕರೇ ಆಮೇಲೆ ದಾಖಲಿಸಿದರು. ಯುರೋಪ್ ಒಕ್ಕೂಟ ಮತ್ತು ಚೀನಾ ಅದನ್ನು ನಿಷೇಧಿಸಿವೆ. 2012ರಲ್ಲಿ ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆಯಾದ ಕೋಡೆಕ್ಸ್ ಅದರ ಉಳಿಕೆಗೆ ಮಿತಿ ನಿಗದಿ ಮಾಡಿದ್ದು 69ಕ್ಕೆ 67 ಮತಗಳಿಂದ. ವಿಜ್ಞಾನದ ಸಭೆಯೊಂದು ಪಂಚಾಯಿತಿ ಚುನಾವಣೆಯಷ್ಟು ಹತ್ತಿರದಲ್ಲಿ ಮುಗಿದ ಅಪರೂಪದ ಸಂದರ್ಭ. ಒಂದು ಪುಡಿ ಹಂದಿಯನ್ನು ಬೆದರಿಸುತ್ತದೆ, ಇನ್ನೊಂದು ಪುಡಿ ಸಮಾಧಾನ ಮಾಡುತ್ತದೆ, ಎರಡಕ್ಕೂ ರೈತನೇ ದುಡ್ಡು ತೆರುತ್ತಾನೆ.

ಹಂದಿಯನ್ನು ನಡೆಸಿಕೊಳ್ಳುವ ರೀತಿಯ ಬಗೆಗಿನ ಸಾಕ್ಷ್ಯ ಪುಡಿಗಳ ಸಾಕ್ಷ್ಯಕ್ಕಿಂತ ಹೆಚ್ಚು ಸ್ಥಿರವಾಗಿದೆ. 1994ರಲ್ಲಿ ಬ್ರಿಸ್ಟಲ್‌ನ ವಾರಿಸ್ ಮತ್ತು ಸಂಗಡಿಗರು ಕಸಾಯಿಖಾನೆಗಳಲ್ಲಿ ಹಂದಿಗಳ ಕಿರುಚಾಟದ ಸದ್ದನ್ನು ಅಳೆದರು; ಸದ್ದು ಹೆಚ್ಚಿದ್ದ ಕಡೆ ರಕ್ತದಲ್ಲಿ ಒತ್ತಡದ ಗುರುತುಗಳೂ ಹೆಚ್ಚು, ಮಾಂಸವೂ ಕೀಳು. ಕಿವಿಯೇ ಮಾಂಸ ಪರೀಕ್ಷೆಯ ಸಾಧನವಾಗಬಹುದು ಎಂದು ಇದರಿಂದ ಗೊತ್ತಾಯಿತು. ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ತಮ್ಮ ತಪಾಸಣೆಯಲ್ಲಿ ಕಿರುಚಾಟ ಮತ್ತು ವಿದ್ಯುತ್ ಕೋಲಿನ ಬಳಕೆಯನ್ನು ಎಣಿಸುವ ಕ್ರಮ ತಂದಿದ್ದರ ಹಿಂದಿನ ತರ್ಕವೂ ಇದೇ. ನೆದರ್ಲೆಂಡ್ಸ್‌ನ ಹ್ಯಾಂಬ್ರೆಕ್ಟ್ ತಂಡ 2005ರಲ್ಲಿ ಪ್ರಕಟಿಸಿದ ಕೆಲಸ ಇನ್ನೂ ಒಂದು ಹೆಜ್ಜೆ ಮುಂದಿನದು: ವಧೆಗೆ ಸ್ವಲ್ಪ ಮುಂಚಿನ ಒತ್ತಡ ಮಾಂಸ ಕೆಡಿಸುತ್ತದೆ, ಪ್ರಯಾಣ ಮತ್ತು ತಂಗುವ ವ್ಯವಸ್ಥೆ ಕೆಟ್ಟದಾಗಿದ್ದರೆ ಆ ಕೆಡುಕು ಇನ್ನಷ್ಟು ಉಲ್ಬಣಿಸುತ್ತದೆ. ಒಂದೊಂದು ತಪ್ಪೂ ಮುಂದಿನದರ ಮೇಲೆ ಬಡ್ಡಿ ಕಟ್ಟುತ್ತದೆ.

ನಡೆಸಿಕೊಳ್ಳುವ ರೀತಿ ಇಷ್ಟು ಮುಖ್ಯವಾಗಲು ಕಾರಣ ಹಂದಿಯ ಶರೀರ ಮತ್ತು ಸ್ವಭಾವ. ಅದಕ್ಕೆ ನಮ್ಮಂತೆ ಬೆವರಿ ಮೈ ತಣಿಸಿಕೊಳ್ಳಲಾಗದು. ಕೆಸರಿನಲ್ಲಿ ಹೊರಳುವುದು ಆ ಕೊರತೆಗೆ ಅದು ಕಂಡುಕೊಂಡ ಉಪಾಯ. ಬಿಸಿಲಿಗೆ ನಿಲ್ಲಿಸಿದ ಲಾರಿಯಲ್ಲಿ ಆ ಉಪಾಯವೂ ಇಲ್ಲ. ದೇಹಕ್ಕೆ ಹೋಲಿಸಿದರೆ ಹೃದಯ ಚಿಕ್ಕದು, ಓಡಿಸಿದರೆ ಬೇಗ ಸೋಲುತ್ತದೆ. ಕಡಿದಾದ ಹಲಗೆ ಹತ್ತಲು ಹೆದರುತ್ತದೆ. ಐರೋಪ್ಯ ನಿಯಮ ಹಂದಿಗಳಿಗೆ 20 ಡಿಗ್ರಿಗಿಂತ ಹೆಚ್ಚು ಇಳಿಜಾರಿನ ಹಲಗೆ ಬಳಸಬಾರದು ಎನ್ನುತ್ತದೆ. ಬೆಳಕಿನಿಂದ ಕತ್ತಲೆಯ ಕಡೆಗೆ ನಡೆಯಲೊಲ್ಲದು. ನೆಲದ ಮೇಲಿನ ನೆರಳಿಗೆ, ಹೊಳೆಯುವ ನೀರಿಗೆ, ಜೋಲಾಡುವ ಸರಪಳಿಗೆ ತಟ್ಟನೆ ನಿಂತುಬಿಡುತ್ತದೆ. ಹಿಂದಿನವನ ಕೈಗೆ ಕೋಲು ಬರುವುದು ಆ ಗಳಿಗೆಯಲ್ಲೇ. ಅಪರಿಚಿತ ಹಂದಿಗಳನ್ನು ಒಂದೇ ಕಡೆ ಸೇರಿಸಿದರೆ ಯಾರು ಮೇಲು ಎಂದು ತೀರ್ಮಾನವಾಗುವವರೆಗೂ ಕಚ್ಚಾಡುತ್ತವೆ. ಚರ್ಮದ ಮೇಲಿನ ಗೀರುಗಳು ಅದರ ದಾಖಲೆ. ಇಷ್ಟೆಲ್ಲ ಗಮನಿಸಿಯೇ ಡೆನ್ಮಾರ್ಕಿನವರು ಹಂದಿಗಳನ್ನು ಸಾಕಿದ ಗುಂಪಿನಲ್ಲೇ, ಸುಮಾರು 15ರ ಸಣ್ಣ ತಂಡಗಳಾಗಿ ಕೊನೆಯವರೆಗೂ ಕರೆದೊಯ್ಯುವ ವ್ಯವಸ್ಥೆ ಕಟ್ಟಿದರು. ವಧೆಗೆ ಮುಂಚೆ 12ರಿಂದ 18 ಗಂಟೆ ಮೇವು ನಿಲ್ಲಿಸಿ ನೀರು ಮಾತ್ರ ಕೊಡುವುದು, ಬಂದ ಮೇಲೆ ತಂಪು ನೀರು ಚಿಮುಕಿಸಿ ಎರಡು ಮೂರು ಗಂಟೆ ಮಲಗಲು ಬಿಡುವುದು, ತಳ್ಳಲು ಕೋಲಿನ ಬದಲು ಅಗಲವಾದ ಹಲಗೆ ಹಿಡಿಯುವುದು. ಇವು ಯಾವುವೂ ಪೇಟೆಂಟ್ ಇರುವ ವಸ್ತುಗಳಲ್ಲ. ಅದಕ್ಕೇ ಇವುಗಳ ಜಾಹೀರಾತೂ ಎಲ್ಲೂ ಕಾಣುವುದಿಲ್ಲ.

ನಮ್ಮಲ್ಲಿ ಏನಾಗುತ್ತಿದೆ? 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 90 ಲಕ್ಷ ಹಂದಿಗಳಿದ್ದವು, 2012ಕ್ಕಿಂತ ಶೇ 12ರಷ್ಟು ಕಡಿಮೆ. ಅವುಗಳಲ್ಲಿ 21 ಲಕ್ಷ ಅಸ್ಸಾಂ ಒಂದರಲ್ಲೇ. ಕರ್ನಾಟಕದ ಪಾಲು ಮೂರು ಲಕ್ಷಕ್ಕೆ ತುಸು ಮೇಲೆ. ಸಂಖ್ಯೆ ಸಣ್ಣದು, ಬೇಡಿಕೆ ಸಣ್ಣದಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬ ಬಂದರೆ ಪಂದಿ ಕರಿ ಇಲ್ಲದ ಮನೆ ಕಡಿಮೆ, ಮಂಗಳೂರಿನ ಕ್ರೈಸ್ತರ ಮದುವೆ ಮತ್ತು ಕ್ರಿಸ್‌ಮಸ್ ಊಟಕ್ಕೆ ದುಕ್ರಾ ಮಾಸ್ ಬೇಕೇ ಬೇಕು, ಬೆಂಗಳೂರಿನಲ್ಲಿ ಈಶಾನ್ಯ ರಾಜ್ಯಗಳ ಅಡುಗೆಯ ಹೋಟೆಲುಗಳು ಬೇರೆ. ಹಬ್ಬದ ಮುನ್ನಾದಿನ ಸಾಗಣೆಗೆ ಅವಸರ ಹೆಚ್ಚು. ಕಾಲು ಕಟ್ಟಿ ಬೈಕಿನ ಹಿಂದೆ ಅಡ್ಡ ಹಾಕಿಕೊಂಡು, ಗೂಡ್ಸ್ ಆಟೊದಲ್ಲಿ ಒಂದರ ಮೇಲೊಂದು ತುಂಬಿಕೊಂಡು ಹೋಗುವ ದೃಶ್ಯ ಯಾರಿಗೂ ಹೊಸದಲ್ಲ. ನೂರು ಕಿಲೊ ತೂಗುವ ಹಂದಿಗಳನ್ನು ಒಂದು ಚದರ ಮೀಟರಿಗೆ 235 ಕಿಲೊಗಿಂತ ಹೆಚ್ಚು ತುಂಬಬಾರದು ಎಂದು ಯುರೋಪಿನ ನಿಯಮ ಹೇಳುತ್ತದೆ; ನಮ್ಮ ಗೂಡ್ಸ್ ಆಟೊಗಳಿಗೆ ಈ ಲೆಕ್ಕ ಹಾಕಿದರೆ ಬಾಡಿಗೆಯೇ ಗಿಟ್ಟುವುದಿಲ್ಲ. ಉತ್ತರದಲ್ಲಿ ಪರಿಸ್ಥಿತಿ ಇನ್ನೂ ಕಠಿಣ. ಪಂಜಾಬ್, ಹರಿಯಾಣಗಳಿಂದ ಈಶಾನ್ಯ ರಾಜ್ಯಗಳಿಗೆ ಜೀವಂತ ಹಂದಿಗಳು ಲಾರಿಯಲ್ಲಿ ದಿನಗಟ್ಟಲೆ ಪ್ರಯಾಣ ಮಾಡುತ್ತವೆ. ಅಷ್ಟು ದೂರ ಹೋದ ಪ್ರಾಣಿಯ ಸ್ನಾಯುವಿನಲ್ಲಿ ಇಂಧನ ಉಳಿದಿರಬೇಕೆಂದು ಬಯಸುವುದೇ ತಪ್ಪು, ಐದು ದಿನದ ಮ್ಯಾಗ್ನೀಷಿಯಂ ಅಲ್ಲಿ ಏನೂ ಮಾಡಲಾರದು. 2020ರಲ್ಲಿ ಅಸ್ಸಾಂ, ಅರುಣಾಚಲಗಳಲ್ಲಿ ಕಾಣಿಸಿಕೊಂಡು 2022ರಲ್ಲಿ ಕೊಡಗಿನ ಪಕ್ಕದ ವಯನಾಡಿಗೂ ಬಂದ ಆಫ್ರಿಕನ್ ಹಂದಿ ಜ್ವರ, ಜೀವಂತ ಪ್ರಾಣಿಗಳನ್ನು ಊರೂರಿಗೆ ಸಾಗಿಸುವ ವ್ಯಾಪಾರದ ಇನ್ನೊಂದು ಬೆಲೆಯನ್ನು ತೋರಿಸಿತು.

ಕಾನೂನು ಇಲ್ಲವೆಂದಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರದ್ದು. ಅದರಡಿಯ ಸಾಗಣೆ ನಿಯಮಗಳಿಗೆ 2001ರಲ್ಲಿ ಹಂದಿಗಳಿಗಾಗಿಯೇ ಒಂದು ಅಧ್ಯಾಯ ಸೇರಿತು. ಅದೇ ವರ್ಷದ ಕಸಾಯಿಖಾನೆ ನಿಯಮಗಳು ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಲ್ಲಬಾರದು ಎನ್ನುತ್ತವೆ, ಒಬ್ಬ ಪಶುವೈದ್ಯ ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸಬಾರದು ಎನ್ನುತ್ತವೆ. ಒಳ್ಳೆಯ ಮಾತುಗಳು. ಆದರೆ ಅದೇ ನಿಯಮಗಳಲ್ಲಿ ಪರೀಕ್ಷೆಯ ನಂತರ ಪ್ರಾಣಿಗೆ 24 ಗಂಟೆ ವಿಶ್ರಾಂತಿ ಕೊಡಬೇಕೆಂಬ ಒಂದು ಸಾಲೂ ಇದೆ. ಎಮ್ಮೆ, ಕುರಿ, ಹಂದಿ ಎಂಬ ಭೇದವಿಲ್ಲ. ದಣಿದು ಬಂದ ದನಕ್ಕೆ ಇದು ಸರಿಯಿರಬಹುದು. ಹಂದಿಯ ಮಟ್ಟಿಗೆ, ಅಪರಿಚಿತ ಗುಂಪಿನ ಜೊತೆ, ಮೇವಿಲ್ಲದೆ, ಹೊಸ ವಾಸನೆಗಳ ನಡುವೆ ಕಳೆಯುವ ಒಂದು ಹಗಲು ರಾತ್ರಿ ವಿಶ್ರಾಂತಿಯಾಗುವುದಿಲ್ಲ. ಅದು ಕಪ್ಪು ಮಾಂಸಕ್ಕೆ ನೇರ ದಾರಿ. ಸಂಶೋಧನೆ ಎರಡು ಮೂರು ಗಂಟೆ ಎನ್ನುವಲ್ಲಿ ನಮ್ಮ ಕರುಣೆ ಅದನ್ನು ಇಪ್ಪತ್ನಾಲ್ಕಕ್ಕೆ ಏರಿಸಿದೆ. ಪಾಲಿಸುವವರು ವಿರಳವಾದ್ದರಿಂದ ಹಾನಿ ಕಡಿಮೆ ಎಂದು ನಗಬಹುದು. ಆದರೆ ಪಾಲಿಸಿದರೆ ಕೆಡುವ, ಮುರಿದರೆ ಶಿಕ್ಷೆಯಾಗುವ ನಿಯಮವನ್ನು ಇಟ್ಟುಕೊಂಡು ಯಾವ ಕಸಾಯಿಖಾನೆಯನ್ನು ತಿದ್ದಲು ಸಾಧ್ಯ?

ಇಲ್ಲಿ ಸಾಕಣೆದಾರರು ಎತ್ತಬಹುದಾದ ಮೊದಲ ಆಕ್ಷೇಪ ನ್ಯಾಯವಾದದ್ದು. ಲಾರಿ ವ್ಯಾಪಾರಿಯದು, ಕಸಾಯಿಖಾನೆ ನಗರಸಭೆಯದು ಅಥವಾ ಇನ್ಯಾರದೋ. ರೈತನ ಕೈಯಲ್ಲಿರುವುದು ಮೇವಿನ ತೊಟ್ಟಿ ಮಾತ್ರ, ಹಾಗಾಗಿ ಅವನು ಅಲ್ಲೇ ಏನಾದರೂ ಮಾಡುತ್ತಾನೆ. ನಿಜ, ಆದರೆ ಅರ್ಧ ನಿಜ. ಮೇವು ನಿಲ್ಲಿಸುವ ಗಳಿಗೆ ರೈತನದ್ದೇ. ಯಾವ ಹಂದಿಯ ಜೊತೆ ಯಾವುದನ್ನು ಕಳಿಸಬೇಕು, ನಸುಕಿನಲ್ಲಿ ತುಂಬಬೇಕೋ ನಡುಹಗಲಲ್ಲೋ, ಹತ್ತಿಸಲು ಮಣ್ಣಿನ ದಿಬ್ಬ ಕಟ್ಟಬೇಕೋ ಕಿವಿ ಬಾಲ ಹಿಡಿದು ಎಳೆಯಬೇಕೋ ಎಂಬುದೂ ಅವನದ್ದೇ. ಸಾಕುವ ತಿಂಗಳುಗಳಲ್ಲಿ ಆಗಾಗ ದೊಡ್ಡಿಯೊಳಗೆ ಸುಮ್ಮನೆ ನಡೆದಾಡಿ ಮನುಷ್ಯರ ಓಡಾಟ ರೂಢಿ ಮಾಡಿಸಿದ ಹಂದಿಗಳನ್ನು ಹತ್ತಿಸುವುದು ಸುಲಭ ಎಂಬುದು ಈ ಕಸುಬಿನವರಿಗೆ ಗೊತ್ತಿರುವ ಮಾತೇ. ಅವನ ಕೈಮೀರಿದ್ದು ಬೆಲೆ ಕಟ್ಟುವ ರೀತಿ. ಜೀವಂತ ತೂಕಕ್ಕೆ ದುಡ್ಡು ಸಿಗುವಾಗ ತೂಕದ ಮುಂಚೆ ಹೊಟ್ಟೆ ತುಂಬ ತಿನ್ನಿಸಿ ಕಳಿಸುವುದು ಲಾಭ. ತುಂಬಿದ ಹೊಟ್ಟೆಯ ಹಂದಿ ದಾರಿಯಲ್ಲಿ ವಾಂತಿ ಮಾಡುತ್ತದೆ, ಸಾಯುವ ಸಂಭವ ಹೆಚ್ಚು, ಕಡಿಯುವಾಗ ಕರುಳು ಹರಿದರೆ ಮಾಂಸಕ್ಕೆ ಹೊಲಸು ತಗಲುತ್ತದೆ. ಉಪವಾಸ ಹಾಕಿದ ರೈತನಿಗೆ ಸಿಗುವುದು ಕಡಿಮೆ ದುಡ್ಡು. ಕಡಿದ ಮೇಲಿನ ತೂಕಕ್ಕೆ ಬೆಲೆ ಕೊಡುವ ಪದ್ಧತಿ ಬಂದರೆ ಈ ತಿರುಗುಮುರುಗು ಲೆಕ್ಕ ನೆಟ್ಟಗಾಗುತ್ತದೆ, ಯಾವ ಉಪದೇಶವೂ ಬೇಕಾಗುವುದಿಲ್ಲ.

ಎರಡನೆಯ ಆಕ್ಷೇಪ ಅಡುಗೆಮನೆಯದು. ಬಿಳಿಚಿದ ಮಾಂಸ, ಕಪ್ಪು ಮಾಂಸ ಎಲ್ಲ ತುಂಡು ಹುರಿದು ತಿನ್ನುವ ಯುರೋಪಿನವರ ಚಿಂತೆ. ನಾವು ಕೊಡಗಿನ ಹುಳಿಯಾದ ಕಾಚಂಪುಳಿ ಹಾಕಿ ಕಪ್ಪಗೆ ಬೇಯಿಸುವವರು, ಮಂಗಳೂರಿನ ಬಫಾತ್ ಮಸಾಲೆ ಪುಡಿಯಲ್ಲಿ ಮುಳುಗಿಸುವವರು, ನಮಗೆ ಬಣ್ಣ ಯಾವುದಾದರೇನು ಎಂಬುದು. ಬಣ್ಣದ ಮಟ್ಟಿಗೆ ಈ ವಾದಕ್ಕೆ ಎದುರಿಲ್ಲ. ತೂಕದ ಮಟ್ಟಿಗೆ ಇದೆ. ಒಳ್ಳೆಯ ಮಾಂಸ ಒಂದೆರಡು ದಿನದಲ್ಲಿ ಶೇ 2ರಿಂದ 4ರಷ್ಟು ರಸ ಕಳೆದುಕೊಂಡರೆ ಬಿಳಿಚಿದ ಮಾಂಸ ಅದರ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಕಳೆದುಕೊಳ್ಳಬಹುದು; ಪಾತ್ರೆಯಲ್ಲಿ ಕುಗ್ಗುವುದು ಬೇರೆ. ಬೆಳಿಗ್ಗೆ ಬಿಸಿಯಾಗಿ ತೂಗಿ ಕೊಡುವ ನಮ್ಮ ಅಂಗಡಿಗಳಲ್ಲಿ ಆ ನೀರು ಇನ್ನೂ ಮಾಂಸದೊಳಗೇ ಇರುತ್ತದೆ. ಗ್ರಾಹಕ ಅದಕ್ಕೂ ಮಾಂಸದ ಬೆಲೆ ಕೊಟ್ಟು, ಮನೆಗೆ ತಂದು, ಚೆಲ್ಲುತ್ತಾನೆ. ನಷ್ಟ ಅಂಗಡಿಯವನ ಕಣ್ಣಿಗೇ ಬೀಳುವುದಿಲ್ಲ. ಬಿದ್ದಿದ್ದರೆ ಅವನೇ ಸುಧಾರಣೆ ಕೇಳುತ್ತಿದ್ದ. ಸಾಸೇಜ್, ಹ್ಯಾಮ್ ಮಾಡುವವರಿಗೆ ಮಾತ್ರ ಇದರ ಬಿಸಿ ಕೂಡಲೇ ತಟ್ಟುತ್ತದೆ, ಏಕೆಂದರೆ ಕೆಟ್ಟ ಪ್ರೋಟೀನು ನೀರನ್ನು ಹಿಡಿಯುವುದಿಲ್ಲ, ಮಾಂಸ ಒಂದಕ್ಕೊಂದು ಅಂಟುವುದಿಲ್ಲ. ಇನ್ನು ಕಪ್ಪು ಮಾಂಸದ ಬೇಗ ಹಳಸುವ ಗುಣವನ್ನು ಯಾವ ಮಸಾಲೆಯೂ ಮಾಯ ಮಾಡದು. ವಾಸನೆಯನ್ನು ಮುಚ್ಚಬಹುದು, ಅದು ಇನ್ನೂ ಅಪಾಯ.

ಕೊಲ್ಲಲು ಹೊರಟ ಪ್ರಾಣಿಯ ಸುಖದ ಮಾತೇಕೆ, ಇದು ಬೂಟಾಟಿಕೆಯಲ್ಲವೇ ಎಂದು ಕೇಳುವವರೂ ಇದ್ದಾರೆ. ಸಸ್ಯಾಹಾರಿಗಳ ಬಾಯಲ್ಲಿ ಇದು ಒಂದು ಪ್ರಶ್ನೆ, ಮಾಂಸ ತಿನ್ನುವವರ ಬಾಯಲ್ಲಿ ನೆಪ. ನನ್ನ ವಾದಕ್ಕೆ ನಿಜವಾಗಿ ತೊಡಕಾಗುವುದು ಇನ್ನೊಂದು ಕಡೆಯಿಂದ ಬರುತ್ತದೆ: ಪ್ರಾಣಿಯ ಹಿತವೂ ಮಾಂಸದ ಗುಣವೂ ಎಲ್ಲ ಕಡೆ ಒಂದೇ ದಾರಿ ಹಿಡಿಯುವುದಿಲ್ಲ. ನಾನು ಮೇಲೆ ಹೊಗಳಿದ ಡೆನ್ಮಾರ್ಕಿನ ಕ್ರಮದ ಕೊನೆಯಲ್ಲಿ ಹಂದಿಗಳ ಪ್ರಜ್ಞೆ ತಪ್ಪಿಸುವುದು ದಟ್ಟವಾದ ಇಂಗಾಲದ ಡೈಆಕ್ಸೈಡಿನಿಂದ. ಗುಂಪು ಚದುರುವುದಿಲ್ಲ, ಕೋಲು ಬೇಕಿಲ್ಲ, ಮಾಂಸ ಚೆನ್ನಾಗಿರುತ್ತದೆ. ಆದರೆ ಆ ಅನಿಲ ಉಸಿರಾಡುವಾಗ ಪ್ರಜ್ಞೆ ಹೋಗುವವರೆಗಿನ ಸೆಕೆಂಡುಗಳು ಹಂದಿಗೆ ಯಾತನೆಯವು ಎಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2020ರ ವರದಿಯಲ್ಲಿ ಗಂಭೀರ ಕಳವಳ ವ್ಯಕ್ತಪಡಿಸಿತು. ಕಣ್ಣು ಮುಚ್ಚಿ ಯಾವ ದೇಶವನ್ನೂ ನಕಲು ಮಾಡಬೇಕಾಗಿಲ್ಲ. ನೆರಳು, ನೀರು, ಸಮತಟ್ಟಾದ ದಾರಿ, ಪರಿಚಿತ ಗುಂಪು, ಕೋಲಿಲ್ಲದ ಕೈ ಇವುಗಳ ಮಟ್ಟಿಗೆ ಪ್ರಾಣಿಯ ಹಿತವೂ ತಿನ್ನುವವನ ಹಿತವೂ ಒಂದೇ. ಮೊದಲು ಇಷ್ಟು ಆಗಲಿ, ಅನಿಲದ ಪ್ರಶ್ನೆಗೆ ಕಾಲ ಇದೆ.

ಸರ್ಕಾರದ ದುಡ್ಡು ಎತ್ತ ಹರಿಯುತ್ತಿದೆ ಎಂಬುದನ್ನೂ ನೋಡಬೇಕು. 2021ರಲ್ಲಿ ಪರಿಷ್ಕೃತಗೊಂಡ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 100 ಹೆಣ್ಣು, 10 ಗಂಡು ಹಂದಿಗಳ ತಳಿ ಘಟಕಕ್ಕೆ ಶೇ 50ರಂತೆ 30 ಲಕ್ಷ ರೂಪಾಯಿವರೆಗೆ ಬಂಡವಾಳ ಸಹಾಯಧನವಿದೆ. ಮೇವು ತಯಾರಿಕೆಗೂ ನೆರವಿದೆ. ಹಂದಿ ಹುಟ್ಟುವುದಕ್ಕೂ ತಿನ್ನುವುದಕ್ಕೂ ದುಡ್ಡು ಸಿಗುತ್ತದೆ. ಅದು ಷೆಡ್ಡಿನ ಬಾಗಿಲು ದಾಟಿದ ಮೇಲೆ ಏನಾಗುತ್ತದೆ ಎಂದು ಕೇಳುವುದು ಆ ಪಟ್ಟಿಯ ಕೆಲಸವಾಗಿ ಕಾಣುವುದಿಲ್ಲ. ಹೊಸ ಯೋಜನೆಯೇ ಬೇಕೆಂದಿಲ್ಲ. ಸಹಾಯಧನಕ್ಕೆ ಸಲ್ಲಿಸುವ ಷೆಡ್ಡಿನ ನಕ್ಷೆಯಲ್ಲಿ 20 ಡಿಗ್ರಿ ಮೀರದ, ಜಾರದ, ಪಕ್ಕಗಳು ಮುಚ್ಚಿದ ಹತ್ತಿಸುವ ಕಟ್ಟೆಯೊಂದು ಇರಲೇಬೇಕೆಂದು ಪಶುಪಾಲನಾ ಇಲಾಖೆ ಷರತ್ತು ಹಾಕಬಹುದು. ಹಂದಿ ಕಡಿಯುವ ಪ್ರತಿ ಪರವಾನಗಿ ಪಡೆದ ಕಸಾಯಿಖಾನೆಯಲ್ಲಿ ಮಾಂಸಕ್ಕೆ ಚುಚ್ಚಿ ನೋಡುವ ಪಿಎಚ್ ಮೀಟರ್ ಇಡಿಸಿ, 45ನೇ ನಿಮಿಷದ ಮತ್ತು ಮರುದಿನದ ಅಳತೆಯನ್ನು ಪುಸ್ತಕದಲ್ಲಿ ಬರೆಸಿ, ಯಾವ ರೈತನ, ಯಾವ ಲಾರಿಯ ಹಂದಿ ಎಂಬುದರ ಜೊತೆಗೆ ಅದರ ಪ್ರತಿಯನ್ನು ಇಬ್ಬರಿಗೂ ಕೊಡಿಸಬಹುದು. ಆರು ತಿಂಗಳು ಹಾಗೆ ಬರೆದರೆ ಯಾರ ಹಂದಿ ಬೆದರಿ ಬಂತು, ಯಾರದ್ದು ದಣಿದು ಬಂತು ಎಂಬುದು ಪುಸ್ತಕದಲ್ಲೇ ಇರುತ್ತದೆ. ಮ್ಯಾಗ್ನೀಷಿಯಂ ಬೇಕೋ ಬೇಡವೋ ಎಂಬ ಚರ್ಚೆಯನ್ನು ಆ ಪುಸ್ತಕ ಮುಂದಿಟ್ಟುಕೊಂಡು ಮಾಡೋಣ.